ಮನಸ್ಸಿನ ನೋವನ್ನು ಮನೆಮನೆಯಲ್ಲಿ ಕೇಳುವ ಬಗೆ: ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ಮತ್ತು ಗಡಿನಾಡಿನ ನಾವು

ಜನಗಣತಿಯವರು, ಮತದಾರರ ಪಟ್ಟಿಯವರು, ಪಡಿತರ ಚೀಟಿ ಪರಿಶೀಲಿಸುವವರು, ಆಶಾ ಕಾರ್ಯಕರ್ತೆಯರು ಹೀಗೆ ಕಾಗದ ಹಿಡಿದು ಮನೆಬಾಗಿಲಿಗೆ ಬರುವವರು ಗಡಿನಾಡಿನ ನಮಗೆ ಹೊಸಬರಲ್ಲ. ಅವರ ಪ್ರಶ್ನೆಗಳಿಗೆ ಉತ್ತರಿಸುವುದೂ ಅಷ್ಟು ಕಷ್ಟವಲ್ಲ. ಮನೆಯಲ್ಲಿ ಎಷ್ಟು ಮಂದಿ, ಗೋಡೆ ಮಣ್ಣಿನದೋ ಕಲ್ಲಿನದೋ, ಕುಡಿಯುವ ನೀರು ಎಲ್ಲಿಂದ ಎಂಬುದನ್ನು ಅವರ ಭಾಷೆ ನಮಗೆ ಅರ್ಧಂಬರ್ಧ ತಿಳಿದಿದ್ದರೂ ಕೈಸನ್ನೆಯಿಂದಲಾದರೂ ಹೇಳಿ ಮುಗಿಸಬಹುದು. ಆದರೆ ಬಂದವರು ಎದುರು ಕುಳಿತು, ಕಳೆದ ಎರಡು ವಾರಗಳಲ್ಲಿ ದಿನದ ಬಹುಪಾಲು ಮನಸ್ಸು ಕುಗ್ಗಿತ್ತೇ, ಬದುಕೇ ಬೇಡವೆನ್ನಿಸಿತ್ತೇ, ಬೇರೆ ಯಾರಿಗೂ ಕೇಳಿಸದ ದನಿ ನಿಮಗೆ ಮಾತ್ರ ಕೇಳಿಸುವುದುಂಟೇ ಎಂದು ವಿಚಾರಿಸಿದರೆ ಕೈಸನ್ನೆ ಕೆಲಸಕ್ಕೆ ಬಾರದು. ಅಲ್ಲಿ ಬೇಕಾಗುವುದು ತಾಯಿನುಡಿ.

ಇದು ಊಹೆಯ ಸನ್ನಿವೇಶವಲ್ಲ. ಕೇಂದ್ರ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವಾಲಯದ ಪರವಾಗಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯನ್ನು ನಡೆಸಿತು. ಡಾ. ಜಿ. ಗುರುರಾಜ್ ಮೊದಲಾದವರ ತಂಡ ರೂಪಿಸಿದ ಈ ಸಮೀಕ್ಷೆ 12 ರಾಜ್ಯಗಳಲ್ಲಿ ನಡೆದು, 34,802 ವಯಸ್ಕರನ್ನೂ 13ರಿಂದ 17 ವರ್ಷದೊಳಗಿನ 1,191 ಮಕ್ಕಳನ್ನೂ ಮಾತನಾಡಿಸಿತು. ಆ 12ರಲ್ಲಿ ಕೇರಳ ಮತ್ತು ತಮಿಳುನಾಡು ಇದ್ದವು. ಕರ್ನಾಟಕ, ಮಹಾರಾಷ್ಟ್ರ, ಆಂಧ್ರಪ್ರದೇಶ, ತೆಲಂಗಾಣ, ಗೋವಾ ಇರಲಿಲ್ಲ. ಬೆಂಗಳೂರಿನಲ್ಲಿ ರೂಪುಗೊಂಡು, ಕೋಲಾರ ಜಿಲ್ಲೆಯಲ್ಲಿ ಪೂರ್ವಪರೀಕ್ಷೆಗೆ ಒಳಗಾದ ಸಮೀಕ್ಷೆಯೊಂದು ಕರ್ನಾಟಕವನ್ನು ಬಿಟ್ಟು ಗಡಿಯಾಚೆಯ ಕನ್ನಡಿಗರು ವಾಸಿಸುವ ಎರಡು ರಾಜ್ಯಗಳಿಗೆ ಹೋಯಿತು. ಎರಡನೆಯ ಸುತ್ತಿನ ಕಾರ್ಯವನ್ನೂ ನಿಮ್ಹಾನ್ಸ್‌ಗೇ ವಹಿಸಲಾಗಿದ್ದು, ಅದು ಎಲ್ಲ ರಾಜ್ಯಗಳನ್ನೂ ಕೇಂದ್ರಾಡಳಿತ ಪ್ರದೇಶಗಳನ್ನೂ ಒಳಗೊಳ್ಳುವ ಉದ್ದೇಶದ್ದು. ಆದ್ದರಿಂದ ತಾಳವಾಡಿಯ ಮನೆಯೊಂದಕ್ಕೋ ಜತ್ತದ ವಸತಿಯೊಂದಕ್ಕೋ ಮಂಜೇಶ್ವರದ ತೋಟದ ಮನೆಯೊಂದಕ್ಕೋ ಇಂತಹ ಸಂದರ್ಶಕರು ಬರಬಹುದು. ಅವರು ಏಕೆ ಬರುತ್ತಾರೆ, ನಮ್ಮ ಮನೆಯನ್ನೇ ಹೇಗೆ ಆರಿಸುತ್ತಾರೆ, ಏನು ಕೇಳುತ್ತಾರೆ, ನಾವು ಏನನ್ನು ಕೇಳಿ ಪಡೆಯಬಹುದು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸುತ್ತೇವೆ.

ಆಸ್ಪತ್ರೆಯ ಲೆಕ್ಕ ಏಕೆ ಸಾಲದು

ಕ್ಷಯದ ರೋಗಿಗಳೆಷ್ಟು ಎಂದು ತಿಳಿಯಲು ಆಸ್ಪತ್ರೆಯ ದಾಖಲೆ ಒಂದು ಮಟ್ಟಿಗೆ ನೆರವಾಗುತ್ತದೆ. ಮನಸ್ಸಿನ ಕಾಯಿಲೆಗೆ ಆ ದಾರಿ ಇಲ್ಲ, ಏಕೆಂದರೆ ನರಳುವವರಲ್ಲಿ ಹೆಚ್ಚಿನವರು ಆಸ್ಪತ್ರೆಗೆ ಹೋಗುವುದೇ ಇಲ್ಲ. ಮೇಲೆ ಹೇಳಿದ ಸಮೀಕ್ಷೆಯೇ ಇದನ್ನು ಅಂಕಿಗಳಲ್ಲಿ ತೋರಿಸಿತು: ಕಾಯಿಲೆಯ ಬಗೆಯನ್ನು ಅನುಸರಿಸಿ ನೂರು ಮಂದಿ ರೋಗಿಗಳಲ್ಲಿ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆತಿರಲಿಲ್ಲ. ಇದನ್ನು ಚಿಕಿತ್ಸೆಯ ಅಂತರ ಎನ್ನುತ್ತಾರೆ. ಹೊರರೋಗಿ ವಿಭಾಗದ ಸಾಲನ್ನು ಎಣಿಸಿ ದೇಶದ ಅಗತ್ಯವನ್ನು ಅಳೆದರೆ, ಬಾವಿಯ ನೀರನ್ನು ಮೇಲೆ ಬಂದ ಕೊಡದಿಂದ ಅಳೆದಂತೆ.

ಇದಕ್ಕೆ ಮೊದಲು ಅಧ್ಯಯನಗಳು ನಡೆದಿರಲಿಲ್ಲವೆಂದಲ್ಲ. 1960ರ ದಶಕದಿಂದಲೂ ನಮ್ಮ ದೇಶದ ಮನೋವೈದ್ಯರು ಹಳ್ಳಿಹಳ್ಳಿ ತಿರುಗಿ ಲೆಕ್ಕ ಹಾಕಿದ್ದಾರೆ. ಆದರೆ ಒಬ್ಬೊಬ್ಬರ ಉತ್ತರ ಒಂದೊಂದು. ಸಾವಿರ ಜನಕ್ಕೆ ರೋಗಿಗಳ ಸಂಖ್ಯೆ 10ಕ್ಕಿಂತಲೂ ಕಡಿಮೆ ಎಂದವರಿದ್ದರು, 370 ಎಂದವರೂ ಇದ್ದರು. ಕನ್ನಡದಲ್ಲಿ ಮನಸ್ಸಿನ ಆರೋಗ್ಯದ ಬಗ್ಗೆ ಹತ್ತಾರು ವರ್ಷ ಬರೆಯುತ್ತ ಬಂದ ಡಾ. ಸಿ. ಆರ್. ಚಂದ್ರಶೇಖರ್ ಅವರೂ ರೆಡ್ಡಿ ಅವರೂ 1998ರಲ್ಲಿ 13 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಸಾವಿರಕ್ಕೆ ಸುಮಾರು 58 ಎಂಬ ಸಂಖ್ಯೆ ದೊರೆಯಿತು. ಹತ್ತಕ್ಕೂ ಮುನ್ನೂರೆಪ್ಪತ್ತಕ್ಕೂ ನಡುವಣ ಅಂತರ ಜನರ ಮನಸ್ಸುಗಳ ಅಂತರವಲ್ಲ. ಒಬ್ಬರು ಒಂದೇ ಹಳ್ಳಿಯನ್ನು ನೋಡಿದ್ದರು, ಇನ್ನೊಬ್ಬರು ನಗರದ ಬಡಾವಣೆಯನ್ನು. ಒಬ್ಬರ ಪ್ರಶ್ನಾವಳಿ ಒಂದು ಬಗೆ, ಮತ್ತೊಬ್ಬರದು ಬೇರೆ. ಒಬ್ಬರು ತೀವ್ರ ಕಾಯಿಲೆಗಳನ್ನಷ್ಟೇ ಎಣಿಸಿದರು, ಇನ್ನೊಬ್ಬರು ಆತಂಕವನ್ನೂ ಸೇರಿಸಿದರು. ಅಳತೆಗೋಲೇ ಬೇರೆಯಾದರೆ ಬಟ್ಟೆಯ ಉದ್ದ ಹೇಗೆ ಒಂದಾದೀತು? ಒಂದೇ ಅಳತೆಗೋಲಿನಿಂದ ದೇಶವನ್ನು ಅಳೆಯುವುದಕ್ಕಾಗಿಯೇ ರಾಷ್ಟ್ರೀಯ ಸಮೀಕ್ಷೆ ಬೇಕಾಯಿತು.

ನಮ್ಮ ಮನೆಯನ್ನೇ ಏಕೆ ಆರಿಸಿದರು

ಬಾಗಿಲಲ್ಲಿ ನಿಂತವರನ್ನು ಜನ ಮೊದಲು ಕೇಳುವ ಪ್ರಶ್ನೆ ಇದೇ. "ನಮ್ಮ ಮನೆಯಲ್ಲಿ ಅಂಥವರು ಯಾರೂ ಇಲ್ಲವಲ್ಲ, ಯಾರು ಹೇಳಿದರು ನಿಮಗೆ?" ಈ ಸಂಶಯ ಸಹಜ, ಆದರೆ ಅದಕ್ಕೆ ಆಧಾರವಿಲ್ಲ. ಆಯ್ಕೆ ನಡೆಯುವುದು ಚೀಟಿ ಎತ್ತಿದಂತೆ. ಯಾರ ದೂರಿನಿಂದಲೂ ಅಲ್ಲ.

ಮೊದಲು ರಾಜ್ಯದೊಳಗೆ ಕೆಲವು ಜಿಲ್ಲೆಗಳನ್ನು, ಅವುಗಳೊಳಗೆ ಕೆಲವು ತಾಲ್ಲೂಕುಗಳನ್ನು, ಅಲ್ಲಿಂದ ಹಳ್ಳಿಗಳನ್ನೂ ನಗರದ ವಾರ್ಡುಗಳನ್ನೂ, ಕಡೆಗೆ ಮನೆಗಳನ್ನು ಆರಿಸುತ್ತಾರೆ. ಹಂತಹಂತವಾಗಿ ಇಳಿಯುವ ಈ ಕ್ರಮದಲ್ಲಿ ಒಂದು ಸೊಗಸಾದ ಲೆಕ್ಕವಿದೆ. ಪ್ರೌಢಶಾಲೆಯ ಮಕ್ಕಳು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು. ಒಂದು ಊರಲ್ಲಿ 400 ಮನೆ, ಇನ್ನೊಂದರಲ್ಲಿ 50 ಮನೆ ಇವೆ ಎಂದುಕೊಳ್ಳೋಣ. ಊರಿನ ಗಾತ್ರಕ್ಕೆ ತಕ್ಕಂತೆ ಅವಕಾಶ ಕೊಟ್ಟರೆ ದೊಡ್ಡ ಊರು ಆಯ್ಕೆಯಾಗುವ ಅವಕಾಶ ಸಣ್ಣ ಊರಿನದಕ್ಕಿಂತ ಎಂಟು ಪಟ್ಟು. ಹಾಗಾದರೆ ಸಣ್ಣ ಊರಿಗೆ ಅನ್ಯಾಯವಾಯಿತೇ? ಇಲ್ಲ. ಆಯ್ಕೆಯಾದ ಊರು ಯಾವುದೇ ಇರಲಿ, ಅಲ್ಲಿ 20 ಮನೆಗಳಿಗೆ ಮಾತ್ರ ಹೋಗುತ್ತಾರೆ ಎನ್ನೋಣ. ದೊಡ್ಡ ಊರಿನಲ್ಲಿ 400ಕ್ಕೆ 20, ಅಂದರೆ ಇಪ್ಪತ್ತು ಮನೆಗೆ ಒಂದು. ಸಣ್ಣ ಊರಿನಲ್ಲಿ 50ಕ್ಕೆ 20, ಅಂದರೆ ಐದು ಮನೆಗೆ ಎರಡು, ದೊಡ್ಡ ಊರಿನ ಎಂಟು ಪಟ್ಟು. ಎರಡು ಹಂತಗಳನ್ನೂ ಗುಣಿಸಿದರೆ ದೊಡ್ಡ ಊರಿನ ಒಂದು ಮನೆಗೂ ಸಣ್ಣ ಊರಿನ ಒಂದು ಮನೆಗೂ ಅವಕಾಶ ಸರಿಸಮ. ಕಾಡಂಚಿನ ಮನೆಯ ಒಬ್ಬಂಟಿ ಮುದುಕಿಗೂ ಪೇಟೆಯ ವ್ಯಾಪಾರಿಗೂ ಲೆಕ್ಕದಲ್ಲಿ ಒಂದೇ ತೂಕ.

ಈ ಸಮತೋಲನವನ್ನು ಕೆಡಿಸುವುದು ಬಲು ಸುಲಭ, ಅದನ್ನು ಕೆಡಿಸುವವರು ಬಹುತೇಕ ಒಳ್ಳೆಯ ಉದ್ದೇಶದವರೇ. ಊರಿನ ಮೇಷ್ಟ್ರೋ ಪಂಚಾಯಿತಿ ಸದಸ್ಯರೋ ಬಂದ ತಂಡಕ್ಕೆ ಉಪಕಾರ ಮಾಡಲೆಂದು, "ಆ ಕಡೆ ಹೋಗಬೇಡಿ, ಅವರಿಗೆ ನಿಮ್ಮ ಭಾಷೆ ಬರುವುದಿಲ್ಲ, ಈ ಮನೆಯವರು ಚೆನ್ನಾಗಿ ಮಾತನಾಡುತ್ತಾರೆ" ಎಂದು ದಾರಿ ತೋರಿಸುತ್ತಾರೆ. ಆ ಒಂದು ಮಾತಿನಿಂದ ಇಡೀ ಕೇರಿಯೇ ಸಮೀಕ್ಷೆಯಿಂದ ಹೊರಗುಳಿಯುತ್ತದೆ. ಗಡಿನಾಡಿನ ಹಳ್ಳಿಗಳಲ್ಲಿ ಹೊರಗುಳಿಯುವ ಆ ಕೇರಿ ಯಾವುದಾಗಿರುತ್ತದೆಂದು ನಾವು ಬಿಡಿಸಿ ಹೇಳಬೇಕಿಲ್ಲ. ಆಯ್ಕೆಯಾದ ಮನೆಗೆ ಬೀಗ ಹಾಕಿದ್ದರೆ ಪಕ್ಕದ ಮನೆಗೆ ಹೋಗುವಂತಿಲ್ಲ ಎಂಬುದು ಇಂತಹ ಸಮೀಕ್ಷೆಗಳ ಮೊದಲ ಶಿಸ್ತು. ಮತ್ತೆ ಮತ್ತೆ, ಹೊತ್ತು ಬದಲಿಸಿ ಬರಬೇಕು. ಬೆಳಗಿನ ಹನ್ನೊಂದಕ್ಕೆ ಬಂದರೆ ಸಿಗುವವರು ವೃದ್ಧರು. ಕೂಲಿಗೆ ಹೋದ ಗಂಡಸರೂ ಹೆಂಗಸರೂ ಸಂಜೆಗೇ ಸಿಗುವುದು. ಜತ್ತ, ಸೊಲ್ಲಾಪುರದ ಕಡೆ ಕಬ್ಬು ಕಡಿಯಲು ಗುಳೆ ಹೋದ ಕಾಲದಲ್ಲಿ ಸಂಜೆಗೂ ಸಿಗರು.

ಮನೆ ಎಂದರೇನು ಎಂಬುದಕ್ಕೂ ನಿಯಮವಿದೆ. ಒಂದೇ ಒಲೆಯ ಅಡುಗೆ ಉಣ್ಣುವವರು ಒಂದು ಕುಟುಂಬ. ಅಣ್ಣತಮ್ಮಂದಿರು ಒಂದೇ ಸೂರಿನಡಿ ಇದ್ದು ಒಲೆ ಬೇರೆಯಾಗಿದ್ದರೆ ಅವು ಎರಡು ಕುಟುಂಬ. ನಿಮ್ಹಾನ್ಸ್ ಸಮೀಕ್ಷೆಯಲ್ಲಿ ಆಯ್ಕೆಯಾದ ಕುಟುಂಬದ ವಯಸ್ಕರೆಲ್ಲರನ್ನೂ ಮಾತನಾಡಿಸುವ ಕ್ರಮವಿತ್ತು. ಬೇರೆ ದೇಶಗಳ ಹಲವು ಸಮೀಕ್ಷೆಗಳಲ್ಲಿ ಮನೆಯ ಒಬ್ಬರನ್ನಷ್ಟೇ ಒಂದು ಕೋಷ್ಟಕದ ನೆರವಿನಿಂದ ಆರಿಸುತ್ತಾರೆ. ಲೆಸ್ಲಿ ಕಿಶ್ ಎಂಬ ಸಂಖ್ಯಾಶಾಸ್ತ್ರಜ್ಞ 1949ರಲ್ಲಿ ತೋರಿಸಿಕೊಟ್ಟ ಉಪಾಯ ಅದು. ಎರಡರಲ್ಲೂ ಗುರಿ ಒಂದೇ: ಮನೆಯ ಯಜಮಾನನೇ ಎಲ್ಲರ ಪರವಾಗಿ ಮಾತನಾಡಿಬಿಡಬಾರದು. ಸೊಸೆಯ ಮನಸ್ಸಿನಲ್ಲಿ ಏನಿದೆಯೆಂದು ಮಾವ ಹೇಳಬಲ್ಲರೇ?

ಪ್ರಶ್ನೆಯ ಒಳಗಣ ಮೂರು ಬೀಗಗಳು

ಇಷ್ಟು ದೊಡ್ಡ ಸಮೀಕ್ಷೆಗೆ ಮನೋವೈದ್ಯರನ್ನೇ ಮನೆಮನೆಗೆ ಕಳುಹಿಸಲಾಗದು. ಅಷ್ಟು ಮಂದಿ ಮನೋವೈದ್ಯರು ನಮ್ಮಲ್ಲಿಲ್ಲ. ಆದ್ದರಿಂದ ಪದವೀಧರ ಯುವಕ ಯುವತಿಯರಿಗೆ ವಾರಗಟ್ಟಲೆ ತರಬೇತಿ ಕೊಟ್ಟು, ಟ್ಯಾಬ್ಲೆಟ್‌ನಲ್ಲಿ ಪ್ರಶ್ನಾವಳಿ ತುಂಬಿ ಕಳುಹಿಸಿದರು. ಬಳಸಿದ್ದು ಮಿನಿ ಎಂಬ ಸಂದರ್ಶನ ಸಾಧನ. ಅಮೆರಿಕದ ಡೇವಿಡ್ ಶೀಹನ್ ಮತ್ತು ಫ್ರಾನ್ಸಿನ ಇವ್ ಲೆಕ್ರೂಬಿಯೇ ಅವರ ತಂಡಗಳು 1990ರ ದಶಕದಲ್ಲಿ ರೂಪಿಸಿದ ಇದರ ಮಕ್ಕಳ ಆವೃತ್ತಿಯೂ ಇದೆ. ಪ್ರತಿ ಕಾಯಿಲೆಗೂ ಒಂದೆರಡು ಹೆಬ್ಬಾಗಿಲ ಪ್ರಶ್ನೆಗಳು. "ಇಲ್ಲ" ಎಂದರೆ ಆ ಅಧ್ಯಾಯ ಅಲ್ಲಿಗೇ ಮುಗಿಯಿತು. "ಹೌದು" ಎಂದರೆ ಒಳಗಿನ ಪ್ರಶ್ನೆಗಳು ತೆರೆದುಕೊಳ್ಳುತ್ತವೆ. ಸಂದರ್ಶಕರು ರೋಗ ನಿರ್ಣಯ ಮಾಡುವುದಿಲ್ಲ, ಔಷಧ ಹೇಳುವುದಿಲ್ಲ. ಪ್ರಶ್ನೆಯನ್ನು ಇದ್ದಂತೆ ಓದಿ ಉತ್ತರವನ್ನು ಗುರುತಿಸುತ್ತಾರೆ.

ಖಿನ್ನತೆಯ ಹೆಬ್ಬಾಗಿಲನ್ನೇ ನೋಡೋಣ. ಮನಸ್ಸು ಕುಗ್ಗಿತ್ತೇ ಎಂಬುದಷ್ಟೇ ಪ್ರಶ್ನೆಯಲ್ಲ. ಎರಡು ವಾರಗಳ ಅವಧಿ, ಹೆಚ್ಚುಕಡಿಮೆ ಪ್ರತಿದಿನ, ದಿನದ ಬಹುಪಾಲು ಎಂಬ ಮೂರು ಬೀಗಗಳು ಅದಕ್ಕಿವೆ. ಅಡಿಕೆಯ ಧಾರಣೆ ಕುಸಿದ ದಿನ ಯಾರಿಗೆ ಮನಸ್ಸು ಕುಗ್ಗುವುದಿಲ್ಲ? ಮಗಳನ್ನು ಗಂಡನ ಮನೆಗೆ ಕಳುಹಿಸಿದ ವಾರ ತಾಯಿ ಅಳದಿರುವಳೇ? ಅದು ಬದುಕು, ಕಾಯಿಲೆಯಲ್ಲ. ಮೂರು ಬೀಗಗಳೂ ಒಟ್ಟಿಗೆ ತೆರೆದರೆ ಮಾತ್ರ ಸಂದರ್ಶಕರು ಮುಂದಕ್ಕೆ ಹೋಗುತ್ತಾರೆ. ಅನುವಾದದಲ್ಲಿ ಒಂದು ಬೀಗ ಬಿದ್ದುಹೋದರೆ ಸಾಕು, ಊರಿಗೆ ಊರೇ ಖಿನ್ನವಾಗಿ ಕಾಣುತ್ತದೆ.

ಬೀಗಗಳಿಗಿಂತ ತೊಡಕಿನದು ಬಾಗಿಲೇ, ಅಂದರೆ ಪದ. "ಖಿನ್ನತೆ" ಎಂದು ಮನೆಯಲ್ಲಿ ಯಾರು ಹೇಳುತ್ತಾರೆ? ಅದು ಪಠ್ಯಪುಸ್ತಕದ ಮಾತು. "ಬೇಜಾರು" ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಬಸ್ಸು ತಪ್ಪಿದರೂ ಬೇಜಾರು, ಮಗ ತೀರಿಕೊಂಡರೂ ಬೇಜಾರು. ಕಾಸರಗೋಡಿನ ಕನ್ನಡದಲ್ಲಿ "ತಲೆಬಿಸಿ" ಎಂದರೆ ಚಿಂತೆ. ಅದನ್ನು ಪದಕ್ಕೆ ಪದ ಬೇರೆ ಭಾಷೆಗೆ ಹೊರಳಿಸಿದರೆ ಅದು ತಲೆಯ ಬೇನೆಯಾಗಿ ದಾಖಲಾಗುತ್ತದೆ. ಅಕ್ಕಲಕೋಟೆಯ ಕಡೆಯ ಹಿರಿಯರು "ಯಾವುದಕ್ಕೂ ಮನಸ್ಸ ಹತ್ತವಲ್ದು" ಎಂದಾರು. ಯಾವುದರಲ್ಲೂ ಆಸಕ್ತಿ ಉಳಿದಿಲ್ಲವೆಂಬ, ವೈದ್ಯರು ಬಹಳ ಮುಖ್ಯವೆಂದು ಎಣಿಸುವ ಲಕ್ಷಣವನ್ನು ಇಷ್ಟು ಖಚಿತವಾಗಿ ಹೇಳುವ ಮಾತು ಪುಸ್ತಕದ ಕನ್ನಡದಲ್ಲಿ ನಮಗೆ ಸಿಕ್ಕಿಲ್ಲ.

ಈ ತೊಡಕನ್ನು ಬಿಡಿಸಲು ಸಮೀಕ್ಷೆಯವರಿಗೆ ಒಂದು ಪದ್ಧತಿಯಿದೆ. ಒಬ್ಬರು ಪ್ರಶ್ನೆಯನ್ನು ಸ್ಥಳೀಯ ಭಾಷೆಗೆ ತರುತ್ತಾರೆ. ಮೂಲವನ್ನು ನೋಡದ ಇನ್ನೊಬ್ಬರು ಅದನ್ನು ತಿರುಗಿ ಇಂಗ್ಲಿಷಿಗೆ ಒಯ್ಯುತ್ತಾರೆ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟರೆ ಅರ್ಥ ಎಲ್ಲಿ ಜಾರಿತೆಂದು ಕಾಣುತ್ತದೆ. ಆ ಬಳಿಕ ಸಾಮಾನ್ಯ ಜನರ ಮುಂದೆ ಪ್ರಶ್ನೆ ಓದಿ, "ಇದನ್ನು ಕೇಳಿ ನಿಮಗೆ ಏನು ಅರ್ಥವಾಯಿತು?" ಎಂದು ವಿಚಾರಿಸುತ್ತಾರೆ. ನಮ್ಮ ದೃಷ್ಟಿಯಲ್ಲಿ ಈ ಕಡೆಯ ಹಂತವೇ ಎಲ್ಲಕ್ಕಿಂತ ಮುಖ್ಯವಾದದ್ದು, ಸಮಯ ಸಾಲದಾದಾಗ ಮೊದಲು ಕೈಬಿಡಲಾಗುವುದೂ ಬಹುಶಃ ಇದೇ.

ಇನ್ನೊಂದು ಉದಾಹರಣೆ ನಮ್ಮ ಜನಕ್ಕೆ ಹತ್ತಿರದ್ದು. ಬೇರೆಯವರಿಗೆ ಕೇಳಿಸದ ದನಿ ಕೇಳುವುದುಂಟೇ ಎಂಬ ಪ್ರಶ್ನೆಗೆ, ದೈವದ ನುಡಿಯನ್ನು ನಂಬುವ, ಮೈಮೇಲೆ ದೇವರು ಬರುವುದನ್ನು ಕಂಡು ಬೆಳೆದ ಮನೆಯ ಹಿರಿಯರು ಸಹಜವಾಗಿ "ಹೌದು" ಎನ್ನಬಹುದು. ಅದನ್ನು ಹಾಗೆಯೇ ಗುರುತಿಸಿದರೆ ಭಕ್ತಿಯೇ ಕಾಯಿಲೆಯಾದೀತು. ಆದ್ದರಿಂದಲೇ ಮಿನಿಯಲ್ಲಿ ಸ್ಪಷ್ಟ ಸೂಚನೆಯಿದೆ: ಹೌದು ಎಂದವರಿಂದ ಪ್ರತಿಯೊಂದಕ್ಕೂ ಉದಾಹರಣೆ ಕೇಳಬೇಕು, ಅದು ಅವರ ಸಂಸ್ಕೃತಿಗೆ ಒಪ್ಪುವಂಥದ್ದೇ ಎಂದು ನೋಡಬೇಕು, ಬಳಿಕವೇ ಗುರುತು ಹಾಕಬೇಕು. ಹೌದು, ಇಲ್ಲ ಎಂಬುದನ್ನು ತಲೆಯಾಡಿಸಿ ಹೇಳಬಹುದು. ಉದಾಹರಣೆಯನ್ನು ಹೇಳಲು ಭಾಷೆ ಬೇಕು. ಹೇಳಿದ್ದನ್ನು ತೂಗಿ ನೋಡಲು ಕೇಳುವವರಿಗೂ ಅದೇ ಭಾಷೆ ಬೇಕು.

ಅಲ್ಪಸಂಖ್ಯಾತರು ಸರಾಸರಿಯಲ್ಲಿ ಕರಗುವುದು ಹೇಗೆ

ಸಮೀಕ್ಷೆಯ ಪ್ರಶ್ನಾವಳಿಗಳನ್ನು ಆಯಾ ರಾಜ್ಯದ ಭಾಷೆಗೆ ಅನುವಾದಿಸುವುದು ಕ್ರಮ. ರಾಜ್ಯದ ಭಾಷೆಯೇ ಮನೆಯ ಭಾಷೆಯಾಗಿದ್ದವರಿಗೆ ಇದರಿಂದ ತೊಂದರೆಯಿಲ್ಲ. ಮಡಕಶಿರ, ರಾಯದುರ್ಗ, ಆದವಾನಿಯ ಕನ್ನಡ ಕುಟುಂಬ ಸಂತೆಯಲ್ಲಿ ತೆಲುಗಿನಲ್ಲಿ ಚೌಕಾಸಿ ಮಾಡುತ್ತದೆ. ಹೊಸೂರಿನ ನಮ್ಮವರು ಕಾರ್ಖಾನೆಯಲ್ಲಿ ತಮಿಳಿನಲ್ಲಿ ವ್ಯವಹರಿಸುತ್ತಾರೆ. "ಅವರಿಗೆ ನಮ್ಮ ಭಾಷೆ ಚೆನ್ನಾಗಿ ಬರುತ್ತದೆ" ಎಂದು ಸಂದರ್ಶಕರು ಬರೆದುಕೊಳ್ಳಲು ಇಷ್ಟೇ ಸಾಕು. ಆದರೆ ವ್ಯವಹಾರದ ಭಾಷೆಯಲ್ಲಿ ಲೆಕ್ಕ ಹೇಳಬಹುದು, ಜಗಳವನ್ನೂ ಆಡಬಹುದು. ನಿದ್ದೆ ಬಾರದ ರಾತ್ರಿಯ ಮೂರು ಗಂಟೆಯಲ್ಲಿ ಮನಸ್ಸು ಆಡುವ ಮಾತು ಆ ಭಾಷೆಯಲ್ಲಿರುವುದಿಲ್ಲ. ಕಷ್ಟಪಟ್ಟು ಹುಡುಕಿ ಹೇಳುವುದಕ್ಕಿಂತ "ಹಾಗೇನಿಲ್ಲ" ಎಂದುಬಿಡುವುದು ಸುಲಭ. ಆ "ಹಾಗೇನಿಲ್ಲ" ಸಮೀಕ್ಷೆಯಲ್ಲಿ ಆರೋಗ್ಯವೆಂದು ದಾಖಲಾಗುತ್ತದೆ.

ಸಂಖ್ಯೆಯ ಅಡ್ಡಿ ಬೇರೆಯೇ ಇದೆ. 34,802 ವಯಸ್ಕರನ್ನು 12 ರಾಜ್ಯಗಳಿಗೆ ಹಂಚಿದರೆ ರಾಜ್ಯಕ್ಕೆ ಸರಾಸರಿ 2,900 ಮಂದಿ. ಒಂದು ರಾಜ್ಯದಲ್ಲಿ ನೂರಕ್ಕೆ ಒಬ್ಬರು ಕನ್ನಡಿಗರು ಎಂದು ಸುಮ್ಮನೆ ಲೆಕ್ಕಕ್ಕಾಗಿ ಇಟ್ಟುಕೊಂಡರೆ ಆ ಮಾದರಿಯಲ್ಲಿ ಕನ್ನಡಿಗರು 29. ಆಯ್ಕೆಯಾದ ಜಿಲ್ಲೆಗಳಲ್ಲಿ ನಮ್ಮ ಜಿಲ್ಲೆ ಇಲ್ಲದಿದ್ದರೆ ಸೊನ್ನೆ. ದೇಶದ ಸರಾಸರಿಯಂತೆ ಅವರಲ್ಲಿ ಹತ್ತಕ್ಕೊಬ್ಬರು ನರಳುತ್ತಿದ್ದರೂ ಮೂವರು. ಮೂವರನ್ನು ನೋಡಿ ಯಾವ ಸಂಖ್ಯಾಶಾಸ್ತ್ರಜ್ಞರೂ ಯಾವ ತೀರ್ಮಾನಕ್ಕೂ ಬರಲಾರರು, ಬರಲೂಬಾರದು. ರಾಜ್ಯದ ಅಂಕಿ ರಾಜ್ಯಕ್ಕೆ ಮಾತ್ರ ಸರಿ. ಅದನ್ನು ಕಾಸರಗೋಡಿಗೋ ನೀಲಗಿರಿಗೋ ಅಂಟಿಸಲಾಗದು. ಇದರಲ್ಲಿ ಯಾರ ದುರುದ್ದೇಶವೂ ಇಲ್ಲ, ಮಾದರಿಯ ಗಣಿತವೇ ಹಾಗೆ. ಭಾಷಾ ಅಲ್ಪಸಂಖ್ಯಾತರ ಸ್ಥಿತಿ ತಿಳಿಯಬೇಕಾದರೆ ಅವರಿರುವ ತಾಲ್ಲೂಕುಗಳಿಂದ ಬೇಕೆಂದೇ ಹೆಚ್ಚು ಮನೆಗಳನ್ನು ಆರಿಸಿ, ರಾಜ್ಯದ ಸರಾಸರಿ ತೆಗೆಯುವಾಗ ಅವುಗಳ ತೂಕವನ್ನು ಇಳಿಸಬೇಕು. ಈ ವಿಧಾನ ಸಂಖ್ಯಾಶಾಸ್ತ್ರದಲ್ಲಿ ಹಳೆಯದು. ಬೇಕೆಂದು ಕೇಳುವವರು ಇರಬೇಕು, ಅಷ್ಟೆ.

ಕೇಳಲು ಆಧಾರವೂ ಇದೆ. ಜನಸಂಖ್ಯೆಯಲ್ಲಿ ಶೇ. 15 ಅಥವಾ ಅದಕ್ಕಿಂತ ಹೆಚ್ಚು ಭಾಷಾ ಅಲ್ಪಸಂಖ್ಯಾತರಿರುವ ಪ್ರದೇಶಗಳಲ್ಲಿ ಮುಖ್ಯ ಸರ್ಕಾರಿ ಪ್ರಕಟಣೆಗಳನ್ನು ಅವರ ಭಾಷೆಯಲ್ಲೂ ಹೊರಡಿಸಬೇಕೆಂಬುದು ರಾಷ್ಟ್ರಮಟ್ಟದಲ್ಲಿ ಒಪ್ಪಿಕೊಂಡ ರಕ್ಷಣೆ. ಸಂವಿಧಾನದ 350ಬಿ ವಿಧಿಯಂತೆ ಇದನ್ನು ನೋಡಿಕೊಳ್ಳುವ ಅಧಿಕಾರಿಯೂ ಇದ್ದಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ನೈತಿಕ ಮಾರ್ಗಸೂಚಿಗಳಂತೆ, ಸಂಶೋಧನೆಯಲ್ಲಿ ಪಾಲ್ಗೊಳ್ಳುವವರಿಗೆ ಒಪ್ಪಿಗೆಯ ವಿವರವನ್ನು ಅವರಿಗೆ ಅರ್ಥವಾಗುವ ಭಾಷೆಯಲ್ಲಿ ಕೊಡಬೇಕು. ಎರಡನೆಯ ಸುತ್ತು ಕರ್ನಾಟಕವನ್ನೂ ಒಳಗೊಂಡರೆ ಕನ್ನಡದ ಪ್ರಶ್ನಾವಳಿ ಹೇಗೂ ಸಿದ್ಧವಾಗಲೇಬೇಕು. ಅದನ್ನೇ ಗಡಿಯಾಚೆಯ ತಂಡದ ಟ್ಯಾಬ್ಲೆಟ್‌ಗೂ ಹಾಕಿಕೊಟ್ಟರೆ ಹೊಸ ಅನುವಾದದ ಖರ್ಚಿಲ್ಲ. ಬೇಕಾಗುವುದು ಕನ್ನಡ ಬಲ್ಲ ಸಂದರ್ಶಕರು. ನಮ್ಮ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಕಲಿತು, ಸಮಾಜಕಾರ್ಯವನ್ನೋ ಮನಶ್ಶಾಸ್ತ್ರವನ್ನೋ ಓದಿದ, ರಾಜ್ಯದ ಭಾಷೆಯನ್ನೂ ಬಲ್ಲ ಯುವಜನ ಈ ಕೆಲಸಕ್ಕೆ ಹೇಳಿ ಮಾಡಿಸಿದವರು. ಕನ್ನಡ ಕಲಿತು ಏನು ಪ್ರಯೋಜನ ಎಂದು ಕೇಳುವವರಿಗೆ ಇದೂ ಒಂದು ಉತ್ತರ.

ಮಗುವನ್ನು ದುಭಾಷಿಯಾಗಿಸಬೇಡಿ

ಕನ್ನಡ ಬಲ್ಲವರು ಬಾರದಿದ್ದರೆ ಏನಾಗುತ್ತದೆಂದು ನಮ್ಮ ಮನೆಗಳಿಗೆಲ್ಲ ಗೊತ್ತು. ರಾಜ್ಯದ ಭಾಷೆಯನ್ನು ಶಾಲೆಯಲ್ಲಿ ಕಲಿಯುತ್ತಿರುವ ಮಗನನ್ನೋ ಮಗಳನ್ನೋ ಕರೆದು ಪಕ್ಕದಲ್ಲಿ ನಿಲ್ಲಿಸುತ್ತೇವೆ. ಬ್ಯಾಂಕಿನಲ್ಲಿ, ಕೃಷಿ ಕಚೇರಿಯಲ್ಲಿ, ಔಷಧದ ಅಂಗಡಿಯಲ್ಲಿ ಈ ಮಕ್ಕಳು ಮನೆಯ ನಾಲಿಗೆಯಾಗಿದ್ದಾರೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಸಮೀಕ್ಷೆಯಲ್ಲಿ ಆ ರೂಢಿ ಬೇಡ. ಹನ್ನೆರಡು ವರ್ಷದ ಹುಡುಗಿ ತನ್ನ ತಾಯಿಗೆ, "ಸಾಯಬೇಕೆಂದು ನಿನಗೆ ಅನ್ನಿಸಿದ್ದುಂಟೇ ಅಮ್ಮಾ ಎಂದು ಕೇಳುತ್ತಿದ್ದಾರೆ" ಎಂದು ಹೇಳುವುದನ್ನು ಊಹಿಸಿಕೊಳ್ಳಿ. ತಾಯಿ ನಿಜ ಹೇಳಿದರೆ ಆ ಮಾತನ್ನು ಮಗು ಹೊತ್ತುಕೊಳ್ಳಬೇಕು. ನಿಜ ಹೇಳದಿದ್ದರೆ ಸಮೀಕ್ಷೆ ವ್ಯರ್ಥ. ಅಪ್ಪನ ಕುಡಿತದ ಪ್ರಶ್ನೆಗಳೂ ಇದರಲ್ಲಿ ಬರುತ್ತವೆ ಎಂಬುದನ್ನು ಮರೆಯಬಾರದು.

ಸಂದರ್ಶನ ಏಕಾಂತದಲ್ಲಿ ನಡೆಯಬೇಕೆಂಬುದು ಸಮೀಕ್ಷೆಯ ನಿಯಮ. ಜಗಲಿಯಲ್ಲಿ ಅತ್ತೆ ಅಡಿಕೆ ಸುಲಿಯುತ್ತ, ಮೈದುನ ಮೊಬೈಲು ನೋಡುತ್ತ ಕುಳಿತಿರುವಾಗ ಸೊಸೆ ಏನು ಹೇಳಿಯಾಳು? ಹಿತ್ತಿಲ ಕಟ್ಟೆಯೋ ಒಳಕೋಣೆಯೋ ಯಾವುದಾದರೂ ಸಾಕು. ಮನೆಯವರು ಅರ್ಧ ಗಂಟೆ ಎದ್ದು ಹೋಗುವ ಔದಾರ್ಯ ತೋರಬೇಕು.

ತಿಳಿದಿರಬೇಕಾದ ಇನ್ನಷ್ಟು ಸಂಗತಿಗಳಿವೆ. ಒಪ್ಪಿಗೆಯ ಪತ್ರವನ್ನು ಓದಿ ಹೇಳಿ, ತಿಳಿದ ಮೇಲೆಯೇ ಸಹಿ ಅಥವಾ ಹೆಬ್ಬೆಟ್ಟು ಕೇಳಬೇಕು. ಒಲ್ಲೆ ಎನ್ನಬಹುದು, ನಡುವೆ ನಿಲ್ಲಿಸಬಹುದು, ಒಂದು ಪ್ರಶ್ನೆಯನ್ನು ಮಾತ್ರ ಬಿಡಬಹುದು. ಹೀಗೆ ಮಾಡಿದ್ದಕ್ಕೆ ಪಡಿತರವಾಗಲೀ ಪಿಂಚಣಿಯಾಗಲೀ ನಿಲ್ಲುವುದಿಲ್ಲ. 13ರಿಂದ 17 ವರ್ಷದವರನ್ನು ಮಾತನಾಡಿಸಲು ತಂದೆತಾಯಿಯ ಒಪ್ಪಿಗೆಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು. ತಂದೆ ಹೂಂ ಎಂದು ಮಗು ಊಹೂಂ ಎಂದರೆ ಸಂದರ್ಶನವಿಲ್ಲ. ಸಾವಿನ ಬಗ್ಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಗೆ ತುಂಬಿದಂತಾಗದೇ ಎಂಬ ಭಯ ಹಲವರಿಗಿದೆ. ಸಂಶೋಧನೆಗಳು ಹಾಗಾಗುವುದಿಲ್ಲವೆಂದೇ ತೋರಿಸಿವೆ. ಕೇಳಿದ್ದರಿಂದ ಎದೆಯ ಭಾರ ಇಳಿಯುವುದೇ ಹೆಚ್ಚು.

ಮೊದಲ ಸುತ್ತಿನಲ್ಲಿ ತಿಳಿದದ್ದು

ವಯಸ್ಕರಲ್ಲಿ ಶೇ. 10.6 ಮಂದಿ ಸಮೀಕ್ಷೆಯ ಕಾಲದಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆಯಿಂದ ಬಳಲುತ್ತಿದ್ದರು. ಜೀವಮಾನದಲ್ಲಿ ಎಂದಾದರೂ ಬಳಲಿದವರು ಶೇ. 13.7. ತಂಬಾಕಿನ ಚಟವನ್ನು ಇದರಲ್ಲಿ ಸೇರಿಸಿಲ್ಲ. ರಾಜ್ಯಗಳ ಪೈಕಿ ಅಸ್ಸಾಮಿನಲ್ಲಿ ಕಡಿಮೆ, ಶೇ. 5.8; ಮಣಿಪುರದಲ್ಲಿ ಹೆಚ್ಚು, ಶೇ. 14.1. ಹದಿಹರೆಯದವರಲ್ಲಿ ಶೇ. 7.3. ದೇಶದಲ್ಲಿ ಸುಮಾರು 15 ಕೋಟಿ ಜನಕ್ಕೆ ನೆರವು ಬೇಕೆಂದು ವರದಿ ಅಂದಾಜಿಸಿತು. ಅಸ್ಸಾಮಿನ ಕಡಿಮೆ ಅಂಕಿ ಅಲ್ಲಿನವರ ನೆಮ್ಮದಿಯನ್ನೇ ಹೇಳುತ್ತದೆಯೋ, ಹೇಳಿಕೊಳ್ಳುವುದರಲ್ಲಿನ ಸಂಕೋಚವೂ ಅದರಲ್ಲಿ ಬೆರೆತಿದೆಯೋ ಎಂದು ಓದುವವರು ಸಂಶಯಪಟ್ಟರೆ ಅದು ಯೋಗ್ಯವಾದ ಸಂಶಯವೇ.

ಮನೆಯೇ ಇಲ್ಲದವರು, ಆಸ್ಪತ್ರೆ, ಆಶ್ರಮ, ಸೆರೆಮನೆಗಳಲ್ಲಿರುವವರು ಮನೆಮನೆಯ ಸಮೀಕ್ಷೆಗೆ ಸಿಗುವುದಿಲ್ಲ. ಬಸ್ ನಿಲ್ದಾಣದಲ್ಲಿ ಒಬ್ಬರೇ ಮಾತನಾಡುತ್ತ ತಿರುಗುವವರನ್ನು ನಾವೆಲ್ಲ ಕಂಡಿದ್ದೇವೆ. ಈ ಲೆಕ್ಕದಲ್ಲಿ ಅವರಿಲ್ಲ.

ಅಂಕಿಗಳಿಂದ ಏನಾಗುತ್ತದೆ ಎಂಬುದಕ್ಕೆ ಆದವಾನಿ, ರಾಯದುರ್ಗದವರಿಗೆ ನೆರೆಯ ಉದಾಹರಣೆಯೇ ಇದೆ. 1980ರ ದಶಕದಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಯ ಹತ್ತಿರಕ್ಕೆ ತರಬಹುದೆಂದು ತೋರಿಸಿತು. 1996ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಆ ಬಳ್ಳಾರಿ ಮಾದರಿಯೇ ತಳಹದಿ. ಈಗ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರು ಇರುತ್ತಾರೆಂದರೆ ಅದು ಈ ಕಾರ್ಯಕ್ರಮದ ಫಲ. ಅಲ್ಲಿ ಕನ್ನಡ ಬಲ್ಲ ಆಪ್ತಸಮಾಲೋಚಕರು ಬೇಕೆಂದು ಯಾವುದಾದರೂ ಜಿಲ್ಲೆಯ ನಾವು ಕೇಳಿದರೆ, "ಎಷ್ಟು ಮಂದಿ ಕನ್ನಡಿಗರಿಗೆ ಬೇಕಾಗಿದೆ?" ಎಂಬ ಮರುಪ್ರಶ್ನೆ ಬರುತ್ತದೆ. ಅದಕ್ಕೆ ಉತ್ತರ ಸಮೀಕ್ಷೆಯ ಹಾಳೆಯಲ್ಲಿರಬೇಕು.

ಆದ್ದರಿಂದ ಸಂದರ್ಶಕರು ಬಂದಾಗ ಮೊದಲು ಗುರುತಿನ ಚೀಟಿ ನೋಡಿ. ಕನ್ನಡದಲ್ಲಿ ಕೇಳುವವರು ತಂಡದಲ್ಲಿದ್ದಾರೆಯೇ ಎಂದು ವಿಚಾರಿಸಿ. ಇದ್ದರೆ ಅವರು ಬರುವ ದಿನಕ್ಕೆ ಕಾಯುತ್ತೇವೆನ್ನಿ. ಮಾತೃಭಾಷೆಯ ಕಲಂ ಇದ್ದರೆ ಅದರಲ್ಲಿ ಏನು ಬರೆದರೆಂದು ಓದಿಸಿ ಕೇಳಿ. ಶಾಲೆಯ ಪೋಷಕರ ಸಭೆಯಲ್ಲಿ ಈ ವಿಷಯವನ್ನು ಮೊದಲೇ ಚರ್ಚಿಸಿ, ಜಿಲ್ಲಾ ವೈದ್ಯಾಧಿಕಾರಿಗಳಿಗೆ ಒಂದು ಮನವಿ ಕೊಟ್ಟಿದ್ದರೆ ಇನ್ನೂ ಒಳ್ಳೆಯದು.

ಸಮೀಕ್ಷೆಯ ತನಕ ಕಾಯಲಾಗದ ನೋವು ಮನೆಯಲ್ಲಿದ್ದರೆ ಟೆಲಿ ಮಾನಸ್ ಎಂಬ ಉಚಿತ ದೂರವಾಣಿ ಸೇವೆ 2022ರ ಅಕ್ಟೋಬರ್ 10ರಿಂದ ಹಗಲೂ ರಾತ್ರಿಯೂ ನಡೆಯುತ್ತಿದೆ. ಸಂಖ್ಯೆ 14416. ಕರೆ ಮಾಡಿದ ಮೇಲೆ ಭಾಷೆಯನ್ನು ಆರಿಸಿಕೊಳ್ಳಬಹುದು. ಆ ಪಟ್ಟಿಯಲ್ಲಿ ಕನ್ನಡವೂ ಇದೆ.